ಕೊನೆಯ ದಿನಗಳ ಚಿಕಿತ್ಸೆ: ನಂಬಿಕೆಯನ್ನೂ ಬರೆದಿಡಿ

ಎಲ್ಲರಿಗೂ ನಮಸ್ಕಾರ.

ಮಂಗಳೂರು, ಉಡುಪಿಯ ಐಸಿಯುಗಳ ಹೊರಗೆ ಕುಳಿತ ಮನೆಯವರು ಕೇಳುವ ಪ್ರಶ್ನೆಗಳಲ್ಲಿ ಒಂದು ಇದ್ದೇ ಇರುತ್ತದೆ: “ಅಮ್ಮನಿಗೆ ಇನ್ನು ವೆಂಟಿಲೇಟರ್ ಬೇಡ ಅಂದರೆ ನಮಗೆ ಪಾಪ ಬರುತ್ತದಾ ಡಾಕ್ಟ್ರೇ?” ಅವರಿಗೆ ಕಾನೂನಿನ ಮಾತು ಆಮೇಲೆ. ಆದರೆ ಕೊನೆಗಾಲದಲ್ಲಿ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಜನ ಮೊದಲೇ ಬರೆದಿಡುವ ಲಿವಿಂಗ್ ವಿಲ್‌ಗಳಲ್ಲಿ ಈ ಪ್ರಶ್ನೆಗೆ ಉತ್ತರ ಇರುವುದು ಅಪರೂಪ. ಎಲ್ಲಿಂದಲೋ ತೆಗೆದ ನಮೂನೆಗೆ ಹೆಸರು ತುಂಬಿ ಸಹಿ ಹಾಕಿರುತ್ತಾರೆ. ನಿಮ್ಮ ಧರ್ಮ ಏನು ಹೇಳುತ್ತದೋ, ನೀವು ಏನನ್ನು ನಂಬುತ್ತೀರೋ, ಅದನ್ನು ನಳಿಕೆ, ಯಂತ್ರ, ಔಷಧದ ಮಟ್ಟಕ್ಕೆ ಇಳಿಸಿ ಬರೆಯಿರಿ ಎಂಬುದೇ ಇವತ್ತಿನ ನನ್ನ ಮಾತು.

ಮೊದಲು ಕಾನೂನು. ಚುಚ್ಚುಮದ್ದು ಕೊಟ್ಟು ಜೀವ ತೆಗೆಯುವುದು ಭಾರತದಲ್ಲಿ ಅಪರಾಧ, ರೋಗಿಯೇ ಕೈಮುಗಿದು ಕೇಳಿಕೊಂಡರೂ. ನೆದರ್‌ಲ್ಯಾಂಡ್ಸ್‌ನಲ್ಲಿ 2002ರಿಂದ, ಕೆನಡಾದಲ್ಲಿ 2016ರಿಂದ ಅದಕ್ಕೆ ಕಾನೂನಿನ ದಾರಿ ಇದೆ, ಇಲ್ಲಿ ಇಲ್ಲ. ಗುಣವಾಗುವ ಭರವಸೆ ಇಲ್ಲದಾಗ, ಬರೀ ಉಸಿರನ್ನು ಎಳೆದು ನಿಲ್ಲಿಸುವ ಚಿಕಿತ್ಸೆಯನ್ನು ಆರಂಭಿಸದಿರುವುದಕ್ಕೆ ಅಥವಾ ನಿಲ್ಲಿಸುವುದಕ್ಕೆ ಮಾತ್ರ ಇಲ್ಲಿ ಅವಕಾಶ. ಈ ದಾರಿ ತೆರೆದದ್ದು ನಮ್ಮದೇ ಕರಾವಳಿಯ, ಹೊನ್ನಾವರ ಕಡೆಯ ಹಳದೀಪುರದ ಅರುಣಾ ಶಾನಭಾಗರ ಪ್ರಕರಣ. 1973ರಲ್ಲಿ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಾಗ ಹಲ್ಲೆಗೊಳಗಾದ ಅವರು 2015ರವರೆಗೆ ಅಲ್ಲಿಯೇ ಹಾಸಿಗೆಯಲ್ಲಿದ್ದರು. ಅವರಿಗೆ ಆಹಾರ ನಿಲ್ಲಿಸಬೇಕೆಂಬ ಅರ್ಜಿಯನ್ನು ಸುಪ್ರೀಂ ಕೋರ್ಟ್ 2011ರಲ್ಲಿ ತಿರಸ್ಕರಿಸಿತು, ಆದರೆ ತತ್ವವನ್ನು ಒಪ್ಪಿತು. ಅವರ ಪರವಾಗಿ ತೀರ್ಮಾನಿಸುವ ಹಕ್ಕು ವರ್ಷಗಟ್ಟಲೆ ಮೈ ತೊಳೆದು ತುತ್ತು ಕೊಟ್ಟ ಆಸ್ಪತ್ರೆಯ ಸಿಬ್ಬಂದಿಯದು ಎಂದೂ ಹೇಳಿತು. ಆ ತೀರ್ಪಿನ ಈ ಭಾಗಕ್ಕೆ ಸಿಗಬೇಕಾದ ಗಮನ ಸಿಕ್ಕಿಲ್ಲ.

2018ರ ಮಾರ್ಚ್ 9ರಂದು ಐವರು ನ್ಯಾಯಮೂರ್ತಿಗಳ ಪೀಠ ಲಿವಿಂಗ್ ವಿಲ್‌ಗೆ ಮಾನ್ಯತೆ ಕೊಟ್ಟಿತು. ಆಗ ಇಟ್ಟ ಷರತ್ತುಗಳು ಎಷ್ಟು ಬಿಗಿಯಾಗಿದ್ದವೆಂದರೆ ಅದು ಹೆಚ್ಚುಕಡಿಮೆ ಕಾಗದದಲ್ಲೇ ಉಳಿಯಿತು. 2023ರ ಜನವರಿ 24ರಂದು ಅವನ್ನು ಸಡಿಲಿಸಲಾಯಿತು. ಈಗ 18 ತುಂಬಿದ, ಬುದ್ಧಿ ಸ್ಥಿಮಿತದಲ್ಲಿರುವ ಯಾರೂ ಬರೆಯಬಹುದು. ಇಬ್ಬರು ಸಾಕ್ಷಿಗಳ ಎದುರು ಸಹಿ ಹಾಕಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ಮ್ಯಾಜಿಸ್ಟ್ರೇಟರ ಬಳಿ ಹೋಗಬೇಕಿಲ್ಲ. ನಿಮಗೆ ಮಾತು ನಿಂತಾಗ ನಿಮ್ಮ ಪರ ಮಾತಾಡುವವರ ಹೆಸರು ಬರೆಯಬೇಕು, ಒಬ್ಬರಿಗಿಂತ ಹೆಚ್ಚು ಹೆಸರೂ ಬರೆಯಬಹುದು. ಒಂದು ಪ್ರತಿ ಅವರಿಗೆ, ಒಂದು ಮನೆಯ ವೈದ್ಯರಿಗೆ, ಒಂದು ಮಹಾನಗರ ಪಾಲಿಕೆ, ನಗರಸಭೆ ಅಥವಾ ಗ್ರಾಮ ಪಂಚಾಯಿತಿಗೆ. ಕಚೇರಿಯಲ್ಲಿ ಕೊಟ್ಟದ್ದಕ್ಕೆ ಸೀಲು ಹಾಕಿದ ಸ್ವೀಕೃತಿ ಕೇಳಿ ತೆಗೆದುಕೊಳ್ಳಿ.

ಜಾರಿಯ ಹೊತ್ತಿಗೆ ಎರಡು ವೈದ್ಯಕೀಯ ಮಂಡಳಿಗಳು ನೋಡುತ್ತವೆ. ಮೊದಲನೆಯದರಲ್ಲಿ ಚಿಕಿತ್ಸೆ ಕೊಡುತ್ತಿರುವ ವೈದ್ಯರು ಮತ್ತು ಕನಿಷ್ಠ 5 ವರ್ಷ ಅನುಭವದ ಇಬ್ಬರು ತಜ್ಞರು. ಎರಡನೆಯದರಲ್ಲಿ ಜಿಲ್ಲಾ ಆರೋಗ್ಯಾಧಿಕಾರಿ ಸೂಚಿಸಿದ ಒಬ್ಬ ವೈದ್ಯರು, ಜೊತೆಗೆ ಮತ್ತಿಬ್ಬರು ತಜ್ಞರು. ಸಾಧ್ಯವಾದಷ್ಟೂ 48 ಗಂಟೆಯೊಳಗೆ ಅಭಿಪ್ರಾಯ ಕೊಡಬೇಕು. ಜಾರಿಗೆ ಮೊದಲು ಆಸ್ಪತ್ರೆ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಅದು ತಿಳಿಸುವುದಷ್ಟೇ, ಅನುಮತಿಗೆ ಕಾಯುವುದಲ್ಲ. ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಇದಕ್ಕಾಗಿ ಸುತ್ತೋಲೆ ಹೊರಡಿಸಿದೆ. ಲಿವಿಂಗ್ ವಿಲ್ ಇಲ್ಲದಿದ್ದರೂ ಹತ್ತಿರದ ಬಂಧುಗಳ ಒಪ್ಪಿಗೆಯ ಮೇಲೆ ಇದೇ ದಾರಿ ಇದೆ. ಮಂಡಳಿ ಒಪ್ಪದಿದ್ದರೆ ಹೈಕೋರ್ಟು.

ಎಡವಟ್ಟಾಗುವುದು ಬರವಣಿಗೆಯಲ್ಲಿ. ನಿರ್ದೇಶನ ಅಸ್ಪಷ್ಟವಾಗಿದ್ದರೆ ಮಂಡಳಿ ಅದನ್ನು ಜಾರಿ ಮಾಡಬಾರದು ಎಂದು ತೀರ್ಪಿನಲ್ಲೇ ಇದೆ. “ನನ್ನ ಧರ್ಮಕ್ಕೆ ತಕ್ಕಂತೆ ಘನತೆಯಿಂದ ಸಾಯಬೇಕು” ಎಂದು ಬರೆದರೆ ಐಸಿಯುವಿನಲ್ಲಿ ರಾತ್ರಿ ಪಾಳಿಯ ವೈದ್ಯರು ಏನು ಮಾಡಬೇಕು? ಮುಂಬೈಯಿಂದ ಬಂದ ಮಗ ಒಂದು ಹೇಳುತ್ತಾನೆ, ಮನೆಯಲ್ಲಿ ನೋಡಿಕೊಂಡ ಮಗಳು ಇನ್ನೊಂದು. ಹೃದಯ ನಿಂತರೆ ಎದೆ ಒತ್ತಬೇಕೇ, ವೆಂಟಿಲೇಟರ್ ಬೇಕೇ, ಡಯಾಲಿಸಿಸ್ ಬೇಕೇ, ಮೂಗಿನ ನಳಿಕೆಯಿಂದ ಆಹಾರ ಬೇಕೇ: ಒಂದೊಂದಕ್ಕೂ ಬೇರೆಬೇರೆ ವಾಕ್ಯ ಬೇಕು. ಯಾವ ಸ್ಥಿತಿಯಲ್ಲಿ ಎಂಬುದೂ ಬೇಕು. ನ್ಯುಮೋನಿಯಾಕ್ಕೆ ನಾಲ್ಕು ದಿನ ವೆಂಟಿಲೇಟರ್ ಹಾಕಿ ಎದ್ದು ಬರುವವರು ಎಷ್ಟೋ ಜನ. “ವೆಂಟಿಲೇಟರ್ ಬೇಡವೇ ಬೇಡ” ಎಂದು ಬರೆದವರಿಗೆ ಆ ದಾರಿಯೂ ಮುಚ್ಚೀತು.

ನಂಬಿಕೆ ಒಳಗೆ ಬರುವುದು ಇಲ್ಲೇ. ಕ್ಯಾಥೊಲಿಕರಿಗೆ ದಾರಿ ತಕ್ಕಮಟ್ಟಿಗೆ ಸ್ಪಷ್ಟ. ಮಿತಿಮೀರಿದ, ಹೊರೆಯಾಗುವ ಚಿಕಿತ್ಸೆಯನ್ನು ತೆಗೆದುಕೊಳ್ಳಲೇಬೇಕೆಂಬ ಕಟ್ಟುಪಾಡಿಲ್ಲ ಎಂದು ಪೋಪ್ ಹನ್ನೆರಡನೇ ಪಿಯುಸ್ 1957ರಲ್ಲೇ ಹೇಳಿದರು. 1980ರ ವ್ಯಾಟಿಕನ್ ಘೋಷಣೆಯೂ ಅದನ್ನೇ ಮುಂದುವರಿಸಿತು. ಆದರೆ ದೇಹ ಸ್ವೀಕರಿಸುವವರೆಗೆ ಆಹಾರ, ನೀರನ್ನು ಸಾಮಾನ್ಯ ಆರೈಕೆಯೆಂದೇ ಧರ್ಮಸಭೆ ಎಣಿಸುತ್ತದೆ. ಆದ್ದರಿಂದ ವೆಂಟಿಲೇಟರ್ ಬಗ್ಗೆ ಒಂದು ವಾಕ್ಯ, ನಳಿಕೆಯ ಆಹಾರದ ಬಗ್ಗೆ ಮತ್ತೊಂದು. ಮುಸ್ಲಿಮರಲ್ಲಿ ಜೀವ ತೆಗೆಯುವುದು ಹರಾಮ್, ಅದರಲ್ಲಿ ಎರಡು ಮಾತಿಲ್ಲ. ಫಲವಿಲ್ಲದ ಚಿಕಿತ್ಸೆ ನಿಲ್ಲಿಸಬಹುದು ಎನ್ನುವ ವಿದ್ವಾಂಸರು ಅನೇಕರಿದ್ದಾರೆ. ನಿಮ್ಮ ಉಸ್ತಾದರನ್ನು ಆರೋಗ್ಯವಾಗಿರುವಾಗಲೇ ಕೇಳಿ, ಉತ್ತರವನ್ನು ಬರೆದಿಡಿ. ಕಲಿಮ, ಅಂದರೆ ಇಸ್ಲಾಮಿನ ನಂಬಿಕೆಯ ವಚನ ಹೇಳಿಸಲು ಒಬ್ಬರು ಪಕ್ಕದಲ್ಲಿರಬೇಕು ಎಂದೂ ಸೇರಿಸಿ. ಐಸಿಯುವಿನ ಭೇಟಿ ಸಮಯದ ನಿಯಮ ಸಡಿಲಿಸಲು ಆ ಒಂದು ಸಾಲು ನೆರವಾಗುತ್ತದೆ.

ಕಾರ್ಕಳ, ಮೂಡುಬಿದಿರೆಯ ಜೈನ ಮನೆಗಳಲ್ಲಿ ಬರುವ ಪ್ರಶ್ನೆ ಬೇರೆ. ಸಲ್ಲೇಖನ ಒಂದು ವ್ರತ, ವೈದ್ಯಕೀಯ ನಿರ್ದೇಶನ ಅಲ್ಲ. ಪರಿಹಾರವಿಲ್ಲದ ಉಪಸರ್ಗ (ಎರಗಿದ ವಿಪತ್ತು), ಬರಗಾಲ, ಮುಪ್ಪು, ರೋಗ, ಈ ಸಂದರ್ಭಗಳಲ್ಲಿ ಮಾತ್ರ ಎಂದು ಸಮಂತಭದ್ರಾಚಾರ್ಯರು ಹೇಳಿದ್ದಾರೆ. ಪ್ರಜ್ಞೆ ಇರುವವರು, ಗುರುಗಳ ಒಪ್ಪಿಗೆ ಪಡೆದು, ಆಹಾರವನ್ನು ಹಂತಹಂತವಾಗಿ ಕಡಿಮೆ ಮಾಡುತ್ತಾ ಸಾಗುವ ವ್ರತ ಅದು. ಪ್ರಜ್ಞೆ ತಪ್ಪಿದ ಅಜ್ಜನ ಪರವಾಗಿ ಮಕ್ಕಳು ಅದನ್ನು ಹಿಡಿಸಲು ಆಗದು. ರಾಜಸ್ಥಾನ ಹೈಕೋರ್ಟ್ 2015ರ ಆಗಸ್ಟಿನಲ್ಲಿ ಅದನ್ನು ಅಪರಾಧವೆಂದಿತು, ಅದೇ ತಿಂಗಳು ಸುಪ್ರೀಂ ಕೋರ್ಟ್ ತಡೆ ನೀಡಿತು. ವ್ರತದಲ್ಲಿದ್ದಾಗ ನೋವಿಗೆ ಔಷಧ ಒಪ್ಪುತ್ತೀರಾ ಎಂಬುದನ್ನು ಮೊದಲೇ ಹೇಳಿಡಿ.

ಹಿಂದೂ ಮನೆಗಳಲ್ಲಿ “ಅನಾಯಾಸೇನ ಮರಣಂ” ಎಂದು ದಿನಾ ಬೇಡಿಕೊಳ್ಳುತ್ತೇವೆ. ಆದರೂ ಕೊನೆಗೆ ಜಗಳ ಆಗುವುದು ಮನೆಗೆ ಕರೆದೊಯ್ಯುವ ವಿಷಯದಲ್ಲಿ. ಉಸಿರಿರುವಾಗ ಮನೆ ಮುಟ್ಟಿಸಬೇಕೆಂದು, ವೈದ್ಯರ ಸಲಹೆಗೆ ವಿರುದ್ಧವಾಗಿ ಸಹಿ ಹಾಕಿ, ಆಂಬುಲೆನ್ಸಿನಲ್ಲಿ ಕೈಯಿಂದ ಉಸಿರು ಒತ್ತುತ್ತಾ ಕರೆತರುತ್ತಾರೆ. ಬಾಗಿಲಲ್ಲಿ ನಳಿಕೆ ತೆಗೆದ ಮೇಲೆ ಕೈಯಲ್ಲಿ ಒಂದು ಮಾತ್ರೆಯೂ ಇರುವುದಿಲ್ಲ. ಏದುಸಿರಿನಲ್ಲಿ ಒದ್ದಾಡುತ್ತಾ ಹೋಗುತ್ತಾರೆ. ಇದು ಅನಾಯಾಸ ಅಲ್ಲವೇ ಅಲ್ಲ, ಮತ್ತು ಇದನ್ನು ಪೂರ್ತಿ ತಪ್ಪಿಸಬಹುದು. ಹೊರಡುವ ಮೊದಲೇ ಉಪಶಾಮಕ ಚಿಕಿತ್ಸೆಯ, ಅಂದರೆ ಪ್ಯಾಲಿಯೇಟಿವ್ ಕೇರ್‌ನ ವೈದ್ಯರನ್ನು ಕಾಣಿ. ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನಲ್ಲಿ ಅದಕ್ಕೆಂದೇ ವಿಭಾಗವಿದೆ. ಏದುಸಿರಿಗೆ, ನೋವಿಗೆ, ಚಡಪಡಿಕೆಗೆ ಯಾವ ಔಷಧ ಎಷ್ಟು, ರಾತ್ರಿ ಯಾರಿಗೆ ಫೋನ್ ಮಾಡಬೇಕು ಎಂದು ಬರೆಸಿಕೊಳ್ಳಿ. ಮನೆಯಲ್ಲಿ ತೀರಿಕೊಂಡರೆ ಮರಣದ ಕಾರಣವನ್ನು 4ಎ ನಮೂನೆಯಲ್ಲಿ ಬರೆದುಕೊಡಲು ನೋಡಿಕೊಳ್ಳುತ್ತಿದ್ದ ವೈದ್ಯರು ಬೇಕು. ಅವರನ್ನೂ ಮೊದಲೇ ಗೊತ್ತುಮಾಡಿಕೊಳ್ಳಿ.

ಬಾಯಿಗೆ ತೀರ್ಥ ಬಿಡುವಾಗ ಒಂದು ಎಚ್ಚರ. ನುಂಗುವ ಶಕ್ತಿ ಹೋದವರಿಗೆ ಉದ್ಧರಣೆಯಿಂದ ಸುರಿದರೆ ಅದು ಶ್ವಾಸಕೋಶಕ್ಕೆ ಇಳಿದು ಉಸಿರು ಕಟ್ಟುತ್ತದೆ. ತಲೆಯನ್ನು ಒಂದು ಬದಿಗೆ ವಾಲಿಸಿ, ಹತ್ತಿಯನ್ನು ತೀರ್ಥದಲ್ಲಿ ಅದ್ದಿ ಹಿಂಡಿ ತುಟಿ, ಒಸಡಿಗೆ ಸವರಿ. ಎರಡು ಗಂಟೆಗೊಮ್ಮೆ ಬರೀ ನೀರಿನಲ್ಲೂ ಹೀಗೇ ಮಾಡಿ. ಕೊನೆಯ ದಿನಗಳಲ್ಲಿ ಹಸಿವು ತಾನಾಗಿ ಅಡಗುತ್ತದೆ. ಕಾಡುವುದು ಬಾಯಿ ಒಣಗುವುದು. ಆಗ ಡ್ರಿಪ್ ಹಾಕಿದರೆ ಕಾಲು ಊದುತ್ತದೆ, ಗಂಟಲಲ್ಲಿ ಗೊರಗೊರ ಹೆಚ್ಚುತ್ತದೆ.

ಇನ್ನು ಮಾರ್ಫಿನ್, ಅಂದರೆ ತೀವ್ರ ನೋವಿಗೆ ಕೊಡುವ ಔಷಧ. “ಅದು ಕೊಟ್ಟರೆ ಬೇಗ ಹೋಗುತ್ತಾರೆ” ಎಂಬ ಹೆದರಿಕೆಯಿಂದ ಎಷ್ಟೋ ಕ್ಯಾನ್ಸರ್ ರೋಗಿಗಳು ಸುಮ್ಮನೆ ನರಳುತ್ತಾರೆ. ವಯಸ್ಸಾದವರಿಗೆ ಸಾಮಾನ್ಯವಾಗಿ 2.5ರಿಂದ 5 ಮಿಲಿಗ್ರಾಂನಿಂದ ಶುರು, 4 ಗಂಟೆಗೊಮ್ಮೆ, ನೋವು ನೋಡಿ ನಿಧಾನವಾಗಿ ಏರಿಕೆ. ಹೀಗೆ ಏರಿಸಿದರೆ ಸಾವು ಬೇಗ ಬರುವುದಿಲ್ಲ. ಪ್ರಮಾಣ ಜಾಸ್ತಿಯಾದರೆ ಉಸಿರು ಕುಗ್ಗುವ ಮೊದಲು ತೀರಾ ಮಂಪರು ಕಾಣಿಸಿಕೊಳ್ಳುತ್ತದೆ, ವೈದ್ಯರು ಕಡಿಮೆ ಮಾಡುತ್ತಾರೆ. ಮೂತ್ರಪಿಂಡ ಕೆಟ್ಟಿದ್ದರೆ ಔಷಧ ದೇಹದಲ್ಲಿ ಉಳಿದು ಕೈಕಾಲು ಅದುರುತ್ತದೆ, ಅದನ್ನು ಮೊದಲೇ ತಿಳಿಸಿ. ಮಲಬದ್ಧತೆ ಬಹುಪಾಲು ಎಲ್ಲರಿಗೂ ಆಗುತ್ತದೆ. ಮೊದಲ ದಿನದಿಂದಲೇ ಮಲ ಸಡಿಲಿಸುವ ಮಾತ್ರೆ ಜೊತೆಗಿರಲಿ. ಪ್ರಾರ್ಥನೆ, ಪಾಪನಿವೇದನೆ, ನಾಮಸ್ಮರಣೆಗೆ ಎಚ್ಚರವಾಗಿರಬೇಕು ಎನ್ನುವವರು ಅದನ್ನೂ ಬರೆಯಲಿ: “ಸ್ವಲ್ಪ ನೋವಿದ್ದರೂ ಸರಿ, ಬೆಳಗ್ಗೆ ಒಂದು ಗಂಟೆ ಎಚ್ಚರ ಬೇಕು.” ಅದಕ್ಕೆ ತಕ್ಕಂತೆ ವೈದ್ಯರು ಔಷಧದ ಹೊತ್ತು, ಪ್ರಮಾಣ ಹೊಂದಿಸಲು ನೋಡುತ್ತಾರೆ. ಬರೆಯದಿದ್ದರೆ ಅವರಿಗೆ ಗೊತ್ತಾಗುವುದು ಹೇಗೆ?

ಬರೆದದ್ದನ್ನು ಬ್ಯಾಂಕ್ ಲಾಕರಿನಲ್ಲಿ ಇಡಬೇಡಿ. ಆಧಾರ್, ವಿಮೆ ಕಾರ್ಡಿನ ಜೊತೆ ಆಸ್ಪತ್ರೆಯ ಫೈಲಿನಲ್ಲೇ ಇರಲಿ, ಒಂದು ಫೋಟೋ ಮಕ್ಕಳ ಫೋನಿನಲ್ಲಿ ಇರಲಿ. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಲಿಖಿತವಾಗಿ ಹಿಂದೆಗೆದುಕೊಳ್ಳಬಹುದು. ಆಗ ಹಳೆಯ ಪ್ರತಿಗಳನ್ನು ಕೊಟ್ಟ ಕಡೆಯಿಂದೆಲ್ಲ ವಾಪಸ್ ತನ್ನಿ. ಈಗ ನಿಮ್ಮ ಪ್ರಶ್ನೆಗಳನ್ನು ಕೇಳಿ.