ಪರಿಮಳವನ್ನು ಆಲಿಸುವ ಬಟ್ಟಲು

ಆತ್ಮೀಯ ಶ್ರೋತೃಗಳೇ, ನಮಸ್ಕಾರ.

ಜಪಾನಿನ ಧೂಪಕಲೆಯಲ್ಲಿ ಪರಿಮಳವನ್ನು ಮೂಸುವುದು ಎನ್ನುವುದಿಲ್ಲ, ಆಲಿಸುವುದು ಎನ್ನುತ್ತಾರೆ. ಹಾಗೆ ಆಲಿಸಲು ಬಳಸುವ ಧೂಪಪಾತ್ರೆಗೆ ‘ಕೋರೊ’ ಎಂದು ಹೆಸರು. ಅಂಗೈಯಲ್ಲಿ ಕೂರುವಷ್ಟು ಚಿಕ್ಕದಾದ ಈ ಬಟ್ಟಲಿಗೆ ನುಣುಪಾದ ಬೂದಿ ತುಂಬಿ, ಒಳಗೆ ಕೆಂಡವನ್ನು ಹೂತು, ಬೂದಿಯನ್ನು ಪುಟ್ಟ ಗುಡ್ಡದಂತೆ ಒತ್ತಿ, ತುದಿಯಿಂದ ಕೆಂಡದವರೆಗೆ ಕಿರಿದಾದ ರಂಧ್ರವೊಂದನ್ನು ಕೊರೆದು, ಅದರ ಮೇಲೆ ಕಾಗೆಬಂಗಾರದ ತೆಳುವಾದ ಬಿಲ್ಲೆಯನ್ನೂ ಬಿಲ್ಲೆಯ ಮೇಲೆ ಅಗರು ಮರದ ಚೂರೊಂದನ್ನೂ ಇಡುತ್ತಾರೆ. ಚೂರು ಹೊತ್ತಿಕೊಳ್ಳುವುದಿಲ್ಲ, ಹೊಗೆಯೂ ಏಳುವುದಿಲ್ಲ. ಕೆಳಗಿನ ಹದವಾದ ಕಾವಿಗೆ ಅದು ಮೆಲ್ಲಮೆಲ್ಲನೆ ಪರಿಮಳ ಬಿಡುತ್ತದೆ. ಆ ಹದವೇ ಕೋರೊದ ಜೀವಾಳವೆಂದು ನಾನು ತಿಳಿದಿದ್ದೇನೆ.

ಜಪಾನೀಯರು ಬಹುವಾಗಿ ಮೆಚ್ಚಿದ ಹಳೆಯ ಕೋರೊಗಳಲ್ಲಿ ಹಲವು ಚೀನಾದಿಂದ ಬಂದ ತಿಳಿಹಸಿರು ಮೆರುಗಿನ ಬಟ್ಟಲುಗಳು. 17ನೆಯ ಶತಮಾನದಲ್ಲಿ ಕ್ಯೋಟೊ ನಗರದ ನಿನ್ನಾಜಿ ದೇವಾಲಯದ ಬಳಿ ಆವಗೆ ಹೂಡಿದ ನೊನೊಮುರ ನಿನ್‌ಸೇ ಎಂಬ ಕುಂಬಾರ, ಆ ಮಾದರಿಗೆ ಕಟ್ಟುಬೀಳದೆ, ನಿಜವಾದ ಹಕ್ಕಿಯ ಗಾತ್ರಕ್ಕೆ ಹತ್ತಿರವಾದ ಫೆಸೆಂಟ್ ಎಂಬ ಉದ್ದ ಬಾಲದ ಹಕ್ಕಿಯ ರೂಪದಲ್ಲಿ ಕೋರೊವೊಂದನ್ನು ಮಾಡಿದ. ಹಕ್ಕಿಯ ಬೆನ್ನೇ ಮುಚ್ಚಳ. ಪರಿಮಳ ಹೊರಬರಲು ಅದರಲ್ಲಿ ರಂಧ್ರಗಳಿವೆ. ಆಧಾರವಿಲ್ಲದೆ ನೇರವಾಗಿ ಚಾಚಿಕೊಂಡ ಆ ಉದ್ದನೆಯ ಬಾಲವನ್ನು ಬೆಂಕಿಯಲ್ಲಿ ಬಾಗದಂತೆ ಸುಟ್ಟು ತೆಗೆಯುವುದು ಎಂಥ ಕಷ್ಟದ ಕೆಲಸವೆಂಬುದನ್ನು ಮಣ್ಣು ಮುಟ್ಟಿದವರೇ ಬಲ್ಲರು. ಒಮ್ಮೆ ಸುಟ್ಟ ಮೈಗೆ ಹಸಿರು, ನೀಲಿ, ಕೆಂಪು, ಚಿನ್ನದ ಬಣ್ಣಗಳನ್ನು ಬಳಿದು ಕಡಿಮೆ ಶಾಖದಲ್ಲಿ ಮತ್ತೆ ಸುಡುವ ವಿಧಾನ ಅಂದಿನ ಕ್ಯೋಟೊದಲ್ಲಿ ಹೊಸತಾಗಿತ್ತು. ಇಂದು ಕನಜಾವಾದ ವಸ್ತುಸಂಗ್ರಹಾಲಯದಲ್ಲಿರುವ ಆ ಹಕ್ಕಿ ಜಪಾನಿನ ರಾಷ್ಟ್ರೀಯ ನಿಧಿ; ಪರಂಪರೆಯೆಂದು ನಾವು ಕೈಮುಗಿಯುವ ವಸ್ತು ತನ್ನ ಕಾಲದಲ್ಲಿ ಅತ್ಯಾಧುನಿಕವಾಗಿತ್ತು.

1868ರ ನಂತರ ಮೇಜಿ ಚಕ್ರವರ್ತಿಯ ಕಾಲದಲ್ಲಿ ವಿದೇಶಿ ಮಾರುಕಟ್ಟೆಗಾಗಿ ಚಿನ್ನದ ಲೇಪದ, ಕಿಕ್ಕಿರಿದ ಚಿತ್ತಾರದ ಕೋರೊಗಳು ತಯಾರಾದವು. ಅವುಗಳ ಕೈಚಳಕ ಅಸಾಧಾರಣವಾದದ್ದು. ಆದರೆ ಅವುಗಳಲ್ಲಿ ಬಹುಪಾಲು ಕೆಂಡವನ್ನೇ ಕಾಣದೆ ಪರದೇಶದ ದಿವಾನಖಾನೆಗಳಲ್ಲಿ ಅಲಂಕಾರವಾಗಿ ಉಳಿದವು.

ಇಂದಿನ ವಿದ್ಯುತ್ ಕೋರೊದಲ್ಲಿ ಬೂದಿಯಿಲ್ಲ, ಕೆಂಡವಿಲ್ಲ. ಪಿಂಗಾಣಿ ಬಟ್ಟಲಿನ ಅಡಿಯಲ್ಲಿ ಕಾವಿನ ಬಿಲ್ಲೆಯಿರುತ್ತದೆ. ಕೆಲವು ಮಾದರಿಗಳಲ್ಲಿ ಗುಂಡಿ ತಿರುಗಿಸಿ ಶಾಖವನ್ನು ಹೊಂದಿಸಿಕೊಳ್ಳಬಹುದು. ಬೂದಿಯನ್ನು ಒತ್ತುವ ಬೆರಳುಗಳ ಅಭ್ಯಾಸ ಇದರಿಂದ ತಪ್ಪಿಹೋಗುವುದು ನಿಜ, ಆ ನಷ್ಟ ಸಣ್ಣದಲ್ಲ. ಆದರೂ ಮೇಜಿ ಕಾಲದ ಆ ಚಿನ್ನದ ಪಾತ್ರೆಗಳಿಗಿಂತ ಈ ಸರಳವಾದ ಬಟ್ಟಲೇ ಹಳೆಯ ಕೋರೊಗೆ ಹತ್ತಿರದ ಬಂಧು ಎನ್ನುತ್ತೇನೆ. ಏಕೆಂದರೆ ಹೊಗೆಯಿಲ್ಲದ ಆ ಹದವಾದ ಕಾವನ್ನು ಇದು ಉಳಿಸಿಕೊಂಡಿದೆ. ಅದರ ಮೇಲಿಡಲು ಜಪಾನೀಯರು ಶ್ರೇಷ್ಠವೆಂದು ಆರಿಸಿಕೊಳ್ಳುವ, ‘ರೋಜಾನ್’ ಎಂದು ಕರೆಯುವ ಗಂಧದ ಚೆಕ್ಕೆ ನಮ್ಮ ಮೈಸೂರು ಸೀಮೆಯದು.

ನಮಸ್ಕಾರ.