ಚಿವುಟದೆ ಬೆಳೆಸುವ ಕುಂಡದ ಟೊಮೆಟೊ

ಕ್ಯಾಮೆರಾವನ್ನು ಇನ್ನಷ್ಟು ಹತ್ತಿರ ತರುತ್ತೇನೆ, ಈ ರೆಂಬೆಯ ತುದಿಯನ್ನು ಗಮನವಿಟ್ಟು ನೋಡಿ. ಗಿಡ ಇನ್ನೂ ಮೊಣಕಾಲೆತ್ತರಕ್ಕೂ ಬಂದಿಲ್ಲ, ಆದರೂ ತುದಿಯಲ್ಲಿ ಹೂಗೊಂಚಲು ಮೂಡಿದೆ, ಅದರಾಚೆಗೆ ಹೊಸ ಚಿಗುರು ಕಾಣುತ್ತಿಲ್ಲ. ಉದ್ದಕ್ಕೆ ಹಬ್ಬುವ ಟೊಮೆಟೊ ತಳಿಗಳಲ್ಲಿ ಗೊಂಚಲು ಬಿಟ್ಟ ಮೇಲೂ ಬೆಳವಣಿಗೆ ಮುಂದುವರಿಯುತ್ತಲೇ ಇರುತ್ತದೆ. ಈ ಪೊದೆ ತಳಿಯಲ್ಲಿ ಪ್ರತಿಯೊಂದು ರೆಂಬೆಯೂ ಒಂದಿಷ್ಟು ಎಲೆ ಬಿಟ್ಟು ಹೂವಿನಲ್ಲೇ ನಿಂತುಬಿಡುತ್ತದೆ. 1914ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ತಾನಾಗಿಯೇ ಕಾಣಿಸಿಕೊಂಡ ಒಂದು ವಂಶವಾಹಿ ಬದಲಾವಣೆಯಿಂದ ಬಂದ ಗುಣವಿದು. ಕುಂಡದಲ್ಲಿ ಬೆಳೆಸುವವರು ಮೊದಲು ತಿಳಿದಿರಬೇಕಾದದ್ದು ಇದನ್ನೇ ಎಂಬುದು ನನ್ನ ದೃಢವಾದ ಅಭಿಪ್ರಾಯ, ಏಕೆಂದರೆ ಮುಂದಿನ ಆರೈಕೆಯ ಬಹುಪಾಲು ಇದರ ಮೇಲೆಯೇ ನಿಂತಿದೆ.

ಟೊಮೆಟೊ ಗಿಡದ ಎಲೆ ಮತ್ತು ಕಾಂಡದ ಸಂದಿಯಲ್ಲಿ ಬರುವ ಕಂಕುಳ ಚಿಗುರುಗಳನ್ನು ಚಿವುಟಬೇಕು ಎಂಬ ಸಲಹೆಯನ್ನು ನೀವು ಕೇಳಿಯೇ ಇರುತ್ತೀರಿ. ಬಳ್ಳಿಯಂತೆ ಹಬ್ಬುವ ತಳಿಗೆ ಅದು ಒಳ್ಳೆಯ ಸಲಹೆ. ಪೊದೆ ತಳಿಯಲ್ಲಿ ಮಾತ್ರ ಆ ಒಂದೊಂದು ಚಿಗುರೂ ಮುಂದೆ ಹೂಗೊಂಚಲನ್ನು ಹೊರುವ ರೆಂಬೆಯಾಗುವುದರಿಂದ, ಅದನ್ನು ಚಿವುಟಿದರೆ ಫಸಲನ್ನೇ ಚಿವುಟಿದಂತಾಗುತ್ತದೆ. ದಯವಿಟ್ಟು ಅವುಗಳನ್ನು ಬೆಳೆಯಲು ಬಿಡಿ. ಮಣ್ಣಿಗೆ ತಾಗುವ, ಹಳದಿಗೆ ತಿರುಗಿದ ಕೆಳಗಿನ ಎಲೆಗಳನ್ನು ತೆಗೆದರೆ ಸಾಕು.

ಬೀಜ ಕೊಳ್ಳುವಾಗ ಪೊಟ್ಟಣದ ಮೇಲೆ ಗಿಡದ ಎತ್ತರವನ್ನು ಓದಿಕೊಳ್ಳಿ. 1945ರಲ್ಲಿ ನ್ಯೂ ಹ್ಯಾಂಪ್‌ಶೈರ್‌ ವಿಶ್ವವಿದ್ಯಾಲಯ ಹೊರತಂದ ಟೈನಿ ಟಿಮ್ ಸುಮಾರು ಒಂದಡಿಯಷ್ಟು ಬೆಳೆಯುವ ಚೆರ್ರಿ ಟೊಮೆಟೊ ತಳಿ. ಫ್ಲಾರಿಡಾ ವಿಶ್ವವಿದ್ಯಾಲಯದ ಮೈಕ್ರೊ-ಟಾಮ್ ಅದಕ್ಕಿಂತಲೂ ಗಿಡ್ಡ. ಇಂತಹ ಅತಿ ಗಿಡ್ಡ ತಳಿಗಳಿಗೆ 3–4 ಲೀಟರ್ ಮಣ್ಣು ಹಿಡಿಸುವ ಕುಂಡ ಸಾಕಾಗುತ್ತದೆ, ಎರಡು ಮೂರು ಅಡಿ ಬೆಳೆಯುವ ಪೊದೆ ತಳಿಗಳಿಗೆ 15–20 ಲೀಟರ್‌ ಬೇಕು. ಇನ್ನೊಂದು ಮಾತು: ಪೊಟ್ಟಣದಲ್ಲಿ 55 ದಿನ, 60 ದಿನ ಎಂದು ಬರೆದಿರುವ ಲೆಕ್ಕ ಸಾಮಾನ್ಯವಾಗಿ ಸಸಿ ನೆಟ್ಟ ದಿನದಿಂದ ಶುರುವಾಗುತ್ತದೆ, ಬಿತ್ತಿದ ದಿನದಿಂದಲ್ಲ. ಸಸಿಮಡಿಯಲ್ಲಿ ಕಳೆಯುವ ಐದಾರು ವಾರಗಳನ್ನು ಅದಕ್ಕೆ ಸೇರಿಸಿಕೊಳ್ಳಬೇಕು.

ನೆಡುವಾಗ ಕಾಂಡದ ಕೆಳಭಾಗವನ್ನೂ ಮಣ್ಣಿನೊಳಗೆ ಇಳಿಸಿ, ಹೂತ ಭಾಗದಿಂದಲೂ ಬೇರು ಒಡೆಯುತ್ತದೆ. ತೋಟದ ಬರೀ ಮಣ್ಣು ಕುಂಡದಲ್ಲಿ ಗಟ್ಟಿಯಾಗಿ ಕಟ್ಟಿಕೊಳ್ಳುವುದರಿಂದ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಮತ್ತು ಚೆನ್ನಾಗಿ ಕಳಿತ ಗೊಬ್ಬರ ಬೆರೆಸಿದ ಹಗುರ ಮಿಶ್ರಣವೇ ಮೇಲು. ಬಿಸಿಲು ದಿನಕ್ಕೆ ಆರು ಗಂಟೆಯಾದರೂ ಬೀಳಲಿ.

ಇನ್ನು ನೀರಿನ ವಿಚಾರ, ಇದನ್ನು ನಿಧಾನವಾಗಿಯೇ ಹೇಳಬೇಕು. ಈ ಕಾಯಿಯ ಬುಡವನ್ನು ನೋಡಿ, ತೊಟ್ಟಿನ ಎದುರು ಬದಿಯಲ್ಲಿ, ಹೂವು ಉದುರಿದ ಜಾಗದಲ್ಲಿ ನೀರು ಕುಡಿದಂತಹ ಕಲೆಯೊಂದು ಇದೆ. ಕೆಲವೇ ದಿನಗಳಲ್ಲಿ ಅದು ಕಂದಾಗಿ, ಒಳಕ್ಕೆ ಕುಸಿದು, ಚಕ್ಕಳದಂತೆ ಒರಟಾಗುತ್ತದೆ. ಇದು ಶಿಲೀಂಧ್ರದಿಂದ ಬಂದ ರೋಗವಲ್ಲ, ಔಷಧ ಸಿಂಪಡಿಸಿ ಪ್ರಯೋಜನವಿಲ್ಲ. ಬೆಳೆಯುತ್ತಿರುವ ಕಾಯಿಗೆ ಕ್ಯಾಲ್ಸಿಯಂ ಸಾಲದೆ ಹೋದಾಗ ಹೀಗಾಗುತ್ತದೆ. ಕ್ಯಾಲ್ಸಿಯಂ ನೀರಿನ ಜೊತೆಯಲ್ಲೇ ಮೇಲೇರುತ್ತದೆ. ಎಲೆಗಳು ಸದಾ ನೀರನ್ನು ಆವಿಯಾಗಿ ಬಿಡುತ್ತಿರುವುದರಿಂದ ಹೆಚ್ಚಿನ ಪಾಲು ಅವುಗಳಿಗೇ ಹೋಗಿ, ಮಣ್ಣು ಒಣಗಿದ ದಿನ ಕಾಯಿಗೆ ಕೊರತೆಯಾಗುತ್ತದೆ. ಮಣ್ಣಿನಲ್ಲಿ ಕ್ಯಾಲ್ಸಿಯಂ ಧಾರಾಳವಾಗಿದ್ದರೂ ಈ ತೊಂದರೆ ಬರಬಹುದು. ಮೊಟ್ಟೆಯ ಸಿಪ್ಪೆ ಹಾಕುವವರಿದ್ದಾರೆ, ಆದರೆ ಅದು ಕರಗುವುದು ಬಹಳ ನಿಧಾನ, ಈಗ ಗಿಡದಲ್ಲಿರುವ ಕಾಯಿಯನ್ನು ಅದು ಉಳಿಸಲಾರದು. ಒಂದು ದಿನ ಕುಂಡ ಬತ್ತಿ ಮರುದಿನ ಕೆಸರಾಗದಂತೆ ನೋಡಿಕೊಳ್ಳುವುದೇ ಇದಕ್ಕೆ ತಕ್ಕ ಉಪಾಯ.

ಹಾಗಾಗಿ ನಾನು ಗಡಿಯಾರ ನೋಡಿ ನೀರು ಹಾಕುವುದಿಲ್ಲ. ಸಣ್ಣ ಕುಂಡವನ್ನು ಕೈಯಿಂದ ಎತ್ತಿ ಅದರ ಭಾರವನ್ನು ಅಂದಾಜಿಸುತ್ತೇನೆ, ದೊಡ್ಡದರಲ್ಲಿ ಬೆರಳನ್ನು ಎರಡು ಗೆಣ್ಣಿನವರೆಗೆ ಇಳಿಸಿ ಒಳಗಿನ ತೇವವನ್ನು ನೋಡುತ್ತೇನೆ. ನಡುಮಧ್ಯಾಹ್ನದ ಬಿಸಿಲಿಗೆ ಎಲೆ ಬಾಡಿದರೆ ಗಾಬರಿಯಾಗಬೇಕಿಲ್ಲ, ಬೆಳಗ್ಗೆಯೂ ಬಾಡಿದ್ದರೆ ಬೇರಿನತ್ತ ಗಮನ ಹರಿಸಬೇಕು. ನೀರನ್ನು ತಳದ ತೂತಿನಿಂದ ಹೊರಬರುವವರೆಗೆ ಹಾಕಿ, ಮಣ್ಣಿನ ಮೇಲೆ ಒಣಹುಲ್ಲನ್ನೋ ತರಗೆಲೆಯನ್ನೋ ಹೊದಿಸಿ. ಹಾಗೆ ಹರಿದ ನೀರಿನೊಂದಿಗೆ ಪೋಷಕಾಂಶವೂ ತೊಳೆದುಹೋಗುವುದರಿಂದ ಹೂ ಬಿಟ್ಟ ಮೇಲೆ ವಾರ ಹತ್ತು ದಿನಕ್ಕೊಮ್ಮೆ ತೆಳುವಾದ ದ್ರವಗೊಬ್ಬರ ಕೊಡಬೇಕು. ಸಾರಜನಕ ಹೆಚ್ಚಾದರೆ ಎಲೆಗಳು ಸೊಂಪಾಗಿ ಬೆಳೆದು ಹೂವು ಕಡಿಮೆಯಾಗುತ್ತದೆ.

ಟೊಮೆಟೊ ಹೂವು ತನ್ನದೇ ಪರಾಗದಿಂದ ಕಾಯಿ ಕಟ್ಟುತ್ತದೆ. ಗಾಳಿ ಆಡದ ಮೂಲೆಯಲ್ಲಿ ಕುಂಡವಿದ್ದರೆ ಹೀಗೆ ಗೊಂಚಲಿನ ಹಿಂಭಾಗವನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ. ಹಗಲಿನ ಉಷ್ಣಾಂಶ 32 ಡಿಗ್ರಿ ಸೆಲ್ಸಿಯಸ್ ದಾಟಿ, ರಾತ್ರಿಯೂ ತಂಪಾಗದಿದ್ದರೆ ಪರಾಗದ ಶಕ್ತಿ ಕುಂದಿ ಹೂಗಳು ಉದುರುತ್ತವೆ. ಬೇಗ ಫಲಿಸುವ ತಳಿಯನ್ನು ಲೆಕ್ಕ ಹಾಕಿ ಬಿತ್ತಿದರೆ ಕಡು ಬೇಸಿಗೆಗೆ ಮೊದಲೇ ಕಾಯಿ ಕಟ್ಟಿರುತ್ತದೆ.

ಪೊದೆ ತಳಿಯ ಹಣ್ಣು ಹೆಚ್ಚುಕಡಿಮೆ ಒಟ್ಟಿಗೇ ಬರುತ್ತದೆ, ಆಮೇಲೆ ಗಿಡ ಸೊರಗುತ್ತದೆ. ತಿಂಗಳುಗಟ್ಟಲೆ ಹಣ್ಣು ಬೇಕಾದವರು ಮೂರು ವಾರಗಳ ಅಂತರದಲ್ಲಿ ಎರಡು ಮೂರು ಸಲ ಬಿತ್ತನೆ ಮಾಡಬೇಕು. ಭಾರಕ್ಕೆ ರೆಂಬೆ ಬಾಗಿದರೆ ದೋರೆಗಾಯಿಗಳನ್ನು ಕಿತ್ತು ಒಳಗಿಡಿ, ಬಣ್ಣ ತಿರುಗಲು ತೊಡಗಿದ ಕಾಯಿ ಗಿಡದಿಂದ ಬಿಡಿಸಿದ ಮೇಲೂ ಹಣ್ಣಾಗುತ್ತದೆ. ಅದನ್ನು ಫ್ರಿಜ್‌ನಲ್ಲಿಟ್ಟರೆ ಮಾತ್ರ ಹಣ್ಣಾಗುವುದು ನಿಂತು ರುಚಿ ಕೆಡುತ್ತದೆ.