ನಿಂತಲ್ಲೇ ಎರಡು ಪುಟ

ಕೇಳುಗರೆಲ್ಲರಿಗೂ ನಮಸ್ಕಾರ.

ಗ್ರಂಥಾಲಯದ ಕೌಂಟರಿನ ಹಿಂದೆ ಕೂತು ಇಡೀ ಸರ್ವೀಸು ಕಳೆದವಳು ನಾನು. ನಿವೃತ್ತಿಯಾದ ಮೇಲೂ ಜನ ನನ್ನನ್ನು ಬಿಡದೆ ಕೇಳುವ ಪ್ರಶ್ನೆ ಒಂದೇ: "ಮೇಡಮ್, ಒಂದು ಒಳ್ಳೇ ಪುಸ್ತಕದ ಹೆಸರು ಹೇಳಿ." ಬಸ್ಸಿನಲ್ಲಿ ಕೇಳುತ್ತಾರೆ, ಮದುವೆಮನೆಯಲ್ಲಿ ಎಲೆ ಮುಂದೆ ಕೂತಾಗಲೂ ಕೇಳುತ್ತಾರೆ. ನಾನು ಹೆಸರು ಹೇಳುವುದಿಲ್ಲ. ಕಪಾಟಿನ ಮುಂದೆ ಹೋಗಿ ನಿಲ್ಲಿ ಅನ್ನುತ್ತೇನೆ. ಕಣ್ಣಿಗೆ ಬಿದ್ದ ಪುಸ್ತಕವನ್ನು ತೆಗೆಯಿರಿ, ನಡುವೆ ಎಲ್ಲಾದರೂ ಬಿಡಿಸಿ, ನಿಂತಲ್ಲೇ ಎರಡು ಪುಟ ಓದಿ. ಮುಂದಿನ ಹಾಳೆ ತಿರುವಲು ಕೈ ತಾನಾಗಿ ಹೋಯಿತೋ, ಆ ಪುಸ್ತಕ ನಿಮ್ಮದು, ಮನೆಗೆ ತನ್ನಿ. ಹೋಗಲಿಲ್ಲವೋ, ಇದ್ದಲ್ಲೇ ಇಟ್ಟು ಪಕ್ಕದ್ದನ್ನು ತೆಗೆಯಿರಿ. ಇವತ್ತು ನಾನು ನಿಮಗೆ ಹೇಳಬೇಕು ಅಂದುಕೊಂಡು ಬಂದಿರುವ ಮಾತು ಇದೊಂದೇ.

ಮೊದಲ ಪುಟ ಓದಿದರೆ ಸಾಲದೇ ಅನ್ನುತ್ತೀರಿ. ಸಾಲದು. ಮೊದಲ ಪುಟವನ್ನು ಎಲ್ಲ ಲೇಖಕರೂ ತಿದ್ದಿ ತೀಡಿ ಬರೆದಿರುತ್ತಾರೆ. ಮುನ್ನುಡಿ ಬರೆದವರು ಲೇಖಕರಿಗೆ ಬೇಕಾದವರು, ಬೆನ್ನುಡಿ ಬರೆಸಿದವರು ಪುಸ್ತಕ ಮಾರಬೇಕಾದವರು. ಅವರು ಹೊಗಳದೆ ಇನ್ನೇನು ಮಾಡುತ್ತಾರೆ? ನೂರಿಪ್ಪತ್ತನೇ ಪುಟಕ್ಕೆ ಬನ್ನಿ. ಅಲ್ಲಿ ಲೇಖಕರು ತಮ್ಮ ಪಾಡಿಗೆ ತಾವು ಕೆಲಸ ಮಾಡುತ್ತಿರುತ್ತಾರೆ. ಅವರ ನಿಜವಾದ ಭಾಷೆ ಅಲ್ಲಿದೆ, ನಿಜವಾದ ಉಸಿರು ಅಲ್ಲಿದೆ. ಅವರೊಂದಿಗೆ ಮುನ್ನೂರು ಪುಟ ಕಳೆಯಬಲ್ಲೆನೇ ಎಂಬುದು ಆ ಎರಡು ಪುಟದಲ್ಲೇ ನಿಮಗೆ ಗೊತ್ತಾಗುತ್ತದೆ. ಸಂತೆಯಲ್ಲಿ ಅವರೆಕಾಯಿ ಕೊಳ್ಳುವಾಗ ಒಂದನ್ನು ಕೈಗೆತ್ತಿಕೊಂಡು ಸೊಗಡು ಇದೆಯೋ ಇಲ್ಲವೋ ಅಂತ ಮೂಸಿ ನೋಡುತ್ತೀರಲ್ಲ? ಮೂರು ನೂರು ರೂಪಾಯಿಯ ಪುಸ್ತಕವನ್ನು ಮಾತ್ರ ಯಾಕೆ ಯಾರೋ ಹೇಳಿದರು ಅಂತ ಕಣ್ಣುಮುಚ್ಚಿಕೊಂಡು ತರುತ್ತೀರಿ?

ಗ್ರಂಥಾಲಯಕ್ಕೆ ಹೋಗುವವರಿಗೆ ಇನ್ನೊಂದು ಉಪಾಯ ಹೇಳುತ್ತೇನೆ. ಪುಸ್ತಕವನ್ನು ಮುಚ್ಚಿ ಹಿಡಿಯಿರಿ. ಬೆನ್ನಿಗೆ ಎದುರಿನ ಕಡೆ, ಅಂದರೆ ಹಾಳೆ ತಿರುವುವಾಗ ಬೆರಳು ತಾಗುವ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಎಷ್ಟೋ ಪುಸ್ತಕಗಳಲ್ಲಿ ಮೊದಲ ನಲವತ್ತು ಐವತ್ತು ಪುಟದ ಅಂಚು ಮಾಸಿ ಕಂದಿರುತ್ತದೆ. ಅಲ್ಲಿಂದ ಮುಂದೆ ಗೆರೆ ಎಳೆದ ಹಾಗೆ ಬಿಳುಪು. ಓದಿದವರೆಲ್ಲ ಅಲ್ಲಿಗೇ ಬಿಟ್ಟಿದ್ದಾರೆ ಎಂದು ಅರ್ಥ. ಮೊದಲಿಂದ ಕೊನೆಯವರೆಗೂ ಒಂದೇ ಸಮ ಮಾಸಿದ ಪುಸ್ತಕ ಕಂಡಿತೋ, ಬಿಡಬೇಡಿ. ಅದಕ್ಕೆ ಯಾವ ವಿಮರ್ಶಕರ ಶಿಫಾರಸೂ ಬೇಕಾಗಿಲ್ಲ. ಒಳಗಡೆ ಅಂಟಿಸಿರುವ ದಿನಾಂಕದ ಚೀಟಿಯನ್ನೂ ನೋಡಿ. ಸೀಲುಗಳು ಒಂದರ ಮೇಲೊಂದು ಬಿದ್ದು ಚೀಟಿ ತುಂಬಿದ್ದರೆ ಅದು ಊರು ಮೆಚ್ಚಿದ ಪುಸ್ತಕ. ಆದರೂ ಊರು ಮೆಚ್ಚಿದ್ದೆಲ್ಲ ನಿಮಗೆ ಹಿಡಿಸಬೇಕೆಂದಿಲ್ಲವಲ್ಲ, ಆದ್ದರಿಂದ ಅಲ್ಲೂ ಎರಡು ಪುಟ ಓದಿಯೇ ತೀರಿ.

ಈಗ ಒಬ್ಬರ ಕಥೆ ಹೇಳುತ್ತೇನೆ. ಹಾಸನ ಜಿಲ್ಲೆಯ ತಾಲ್ಲೂಕು ಊರೊಂದರಲ್ಲಿ ನಾನು ಕೆಲಸಕ್ಕಿದ್ದಾಗ ಒಬ್ಬ ನಿವೃತ್ತ ಬಸ್ ಡ್ರೈವರು ಸದಸ್ಯರಾದರು. ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಗಾಡಿ ಓಡಿಸಿದವರು. ಎತ್ತರದ ಆಳು, ಮಾತು ಕಮ್ಮಿ. ಅವರ ಸೊಸೆ ಕಾಲೇಜಿನಲ್ಲಿ ಪಾಠ ಮಾಡುವವರು. ಮಾವನವರಿಗೆ ಹೊತ್ತು ಹೋಗಲಿ ಅಂತ ಪ್ರೀತಿಯಿಂದಲೇ ಒಂದು ಪಟ್ಟಿ ಬರೆದುಕೊಟ್ಟಿದ್ದರು. ಕನ್ನಡದಲ್ಲಿ ಓದಲೇಬೇಕಾದ ಕಾದಂಬರಿಗಳು ಅಂತ ಮೇಲೆ ಬರೆದು, ಕೆಳಗೆ ಗೆರೆ ಎಳೆದು, ಸಾಲಾಗಿ ಹೆಸರು. ಇವರು ಪಟ್ಟಿಯ ಮೊದಲನೆಯದನ್ನು ತೆಗೆದುಕೊಂಡು ಹೋದರು. ಹದಿನೈದು ದಿನಕ್ಕೆ ಸರಿಯಾಗಿ ವಾಪಸ್ಸು ತಂದರು. ಎರಡನೆಯದು ಹೋಯಿತು, ವಾಪಸ್ಸು ಬಂತು. "ಹೇಗಿತ್ತು ಯಜಮಾನರೇ?" ಅಂದರೆ "ಚೆನ್ನಾಗಿತ್ತಮ್ಮ" ಅನ್ನುವರು. ಆದರೆ ಆ ಪುಸ್ತಕ ಗ್ರಂಥಾಲಯಕ್ಕೆ ಹೊಸದಾಗಿ ಬಂದದ್ದು, ಹಾಳೆಗಳು ಮೇಲ್ತುದಿಯಲ್ಲಿ ಒಂದಕ್ಕೊಂದು ಅಂಟಿಕೊಂಡೇ ಇದ್ದವು. ಒಂದು ಸಲ ಅವರು ಗುರುತಿಗೆ ಇಟ್ಟಿದ್ದ ಹಳೇ ಟಿಕೆಟ್ಟು ಒಳಗೇ ಉಳಿದಿತ್ತು, ಹದಿನೆಂಟನೇ ಪುಟದಲ್ಲಿ.

ನನಗೆ ತಡೆಯಲಿಲ್ಲ. "ಯಜಮಾನರೇ, ಆ ಪಟ್ಟಿ ಜೇಬಿಗೆ ಇಟ್ಟುಕೊಳ್ಳಿ, ಬನ್ನಿ ನನ್ನ ಜೊತೆ" ಅಂತ ಕಪಾಟಿನ ಸಾಲಿಗೆ ಕರೆದುಕೊಂಡು ಹೋದೆ. "ಇಲ್ಲಿ ಯಾವುದನ್ನು ಬೇಕಾದರೂ ತೆಗೆಯಿರಿ. ಮಧ್ಯದಲ್ಲಿ ಬಿಡಿಸಿ ಎರಡು ಪುಟ ಓದಿ. ಬೇಜಾರಾದರೆ ಇಟ್ಟುಬಿಡಿ. ಯಾರೂ ನಿಮಗೆ ಪರೀಕ್ಷೆ ಇಟ್ಟಿಲ್ಲ." ಅವರಿಗೆ ನಂಬಿಕೆ ಬರಲಿಲ್ಲ. "ಅರ್ಧದಿಂದ ಓದಿದರೆ ಏನಮ್ಮಾ ಗೊತ್ತಾಗುತ್ತೆ?" ಅಂದರು. ಓದಿ ನೋಡಿ ಅಂತ ಬಿಟ್ಟು ಬಂದೆ. ಹೊರಗೆ ಮಳೆ ಹಿಡಿದುಕೊಂಡಿತ್ತು, ಹೇಗೂ ಅವರು ಮನೆಗೆ ಹೊರಡುವ ಹಾಗಿರಲಿಲ್ಲ.

ಒಂದನ್ನು ತೆಗೆದರು, ಇಟ್ಟರು. ಇನ್ನೊಂದು ತೆಗೆದರು, ಇಟ್ಟರು. ಕತ್ತು ವಾಲಿಸಿಕೊಂಡು ಬೆನ್ನಿನ ಹೆಸರು ಓದುತ್ತಾ ಕಾದಂಬರಿ ಸಾಲು ದಾಟಿ ಆ ಕಡೆ ಹೋದರು. ಸ್ವಲ್ಪ ಹೊತ್ತಾದ ಮೇಲೆ ಕಪಾಟಿನ ಹಿಂದಿನಿಂದ ನಗು ಕೇಳಿಸಿತು. ಅದೂ ಸಣ್ಣ ನಗುವಲ್ಲ. ಪೇಪರು ಓದುತ್ತಿದ್ದವರೆಲ್ಲ ತಲೆಯೆತ್ತಿದರು. ಎದ್ದು ಹೋಗಿ ನೋಡುತ್ತೇನೆ, ನಮ್ಮ ಡ್ರೈವರು ಕನ್ನಡಕವನ್ನು ಹಣೆಗೇರಿಸಿ ಕಣ್ಣೊರೆಸಿಕೊಳ್ಳುತ್ತಿದ್ದಾರೆ. ಕೈಯಲ್ಲಿ 'ಅಮೆರಿಕದಲ್ಲಿ ಗೊರೂರು'. ನನ್ನನ್ನು ಕಂಡವರೇ, "ಗೊರೂರು ಅಂದರೆ ನಮ್ಮ ಹೇಮಾವತಿ ಡ್ಯಾಮ್ ಇರೋ ಗೊರೂರೇ ಏನಮ್ಮಾ? ಆ ರೂಟಲ್ಲೂ ಗಾಡಿ ಓಡಿಸಿದೀನಿ. ಆ ಊರಿನವರು ಅಮೆರಿಕ ನೋಡಿ ಬಂದು ಬರೆದಿದಾರಾ?" ಅಂದರು. ಹೌದು, ಆ ಊರಿನವರೇ, ರಾಮಸ್ವಾಮಿ ಅಯ್ಯಂಗಾರ್ಯರು ಅಂದೆ. ಮಳೆ ನಿಂತು ಎಷ್ಟು ಹೊತ್ತಾದರೂ ಅವರು ಅಲ್ಲೇ ಸ್ಟೂಲಿನ ಮೇಲೆ ಕೂತು ಓದುತ್ತಿದ್ದರು. ಆ ಪುಸ್ತಕಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ. ಅದು ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದಿದ್ದರೆ ಇದು ದೊಡ್ಡವರು ಓದುವಂಥದ್ದು ಅಂತ ಮುಟ್ಟುತ್ತಲೇ ಇರಲಿಲ್ಲವೇನೋ.

ಆ ಮೇಲೆ ಅವರನ್ನು ಹಿಡಿಯುವವರಿಲ್ಲ. ಪ್ರವಾಸದ ಪುಸ್ತಕಗಳ ಸಾಲನ್ನೇ ಹಿಡಿದರು. ಶಿವರಾಮ ಕಾರಂತರು ಯುರೋಪ್ ಸುತ್ತಿ ಬಂದು ಬರೆದ 'ಅಪೂರ್ವ ಪಶ್ಚಿಮ' ತೆಗೆದುಕೊಂಡು ಹೋದವರು ಮಾರನೆಯ ದಿನವೇ ಹಾಜರು. "ಅಮ್ಮಾ, ಮ್ಯಾಪು ಬೇಕು. ರೂಟು ನೋಡಬೇಕು." ಅಟ್ಲಾಸು ರೆಫರೆನ್ಸ್ ವಿಭಾಗದ್ದು, ಮನೆಗೆ ಕೊಡುವ ಹಾಗಿಲ್ಲ. ಸರಿ, ಎಡಗಡೆ ಪುಸ್ತಕ, ಬಲಗಡೆ ಅಟ್ಲಾಸು ಹರಡಿಕೊಂಡು ಬೆಳಗಿಂದ ಕೂತರು. ಆ ದಪ್ಪ ತೋರುಬೆರಳು ಊರಿಂದ ಊರಿಗೆ ಸರಿಯುವುದನ್ನು ನಾನು ಕೌಂಟರಿನಿಂದ ನೋಡುತ್ತಿದ್ದೆ. ಘಟ್ಟ ಪ್ರದೇಶ ಬಂದಾಗ ಬೆರಳು ನಿಧಾನವಾಗುತ್ತಿತ್ತು. ಕೆಲವು ತಿಂಗಳ ಮೇಲೆ, "ಈ ಕಾರಂತರು ಬೇರೆ ಏನು ಬರೆದಿದಾರೆ?" ಅಂದರು. ಕರಾವಳಿಯ ಸಂಸಾರವೊಂದರ ಕಾದಂಬರಿ 'ಮರಳಿ ಮಣ್ಣಿಗೆ' ತೋರಿಸಿದೆ. ಅದು ಅವರ ಸೊಸೆಯ ಪಟ್ಟಿಯಲ್ಲೇ ಇತ್ತು, ಇವರು ಒಯ್ದು ಓದದೆ ತಂದುಕೊಟ್ಟಿದ್ದ ಪುಸ್ತಕವೇ. ಈ ಸಲ ಕೌಂಟರಿನಲ್ಲೇ ನಡುವೆ ಬಿಡಿಸಿ ಎರಡು ಪುಟ ಓದಿ, ಏನೂ ಹೇಳದೆ ಸೀಲು ಹಾಕಲು ಮುಂದೆ ಚಾಚಿದರು. ವಾಪಸ್ಸು ಕೊಡುವಾಗ ಹೇಳಿದ್ದು ಇಷ್ಟು: "ಇಷ್ಟು ವರ್ಷ ಆ ಸಮುದ್ರದ ಬದಿ ಮನೆಗಳನ್ನ ಗಾಡಿ ಕಿಟಕಿಯಿಂದ ನೋಡಿದ್ದೆ. ಒಳಗೆ ಹೋಗಿದ್ದು ಈಗ."

ನೋಡಿ, ಸೊಸೆ ಕೊಟ್ಟ ಪಟ್ಟಿ ತಪ್ಪಾಗಿರಲಿಲ್ಲ. ಅದರಲ್ಲಿದ್ದದ್ದೆಲ್ಲ ಒಳ್ಳೆಯ ಪುಸ್ತಕಗಳೇ. ಆದರೆ ಮಾವನವರು ಅಲ್ಲಿಗೆ ತಮ್ಮ ದಾರಿಯಲ್ಲೇ ಹೋಗಬೇಕಿತ್ತು.

ಇದನ್ನು ನಾನು ಕಂಡುಹಿಡಿದದ್ದಲ್ಲ. ನಮ್ಮ ದೇಶದ ಗ್ರಂಥಾಲಯ ಶಾಸ್ತ್ರದ ಪಿತಾಮಹರು ಎಸ್.ಆರ್. ರಂಗನಾಥನ್. ಗಣಿತದ ಮೇಷ್ಟ್ರಾಗಿದ್ದವರು, 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. 1931ರಲ್ಲಿ ಐದು ಸೂತ್ರಗಳನ್ನು ಪ್ರಕಟಿಸಿದರು. ಪ್ರತಿ ಓದುಗರಿಗೂ ಅವರ ಪುಸ್ತಕ, ಪ್ರತಿ ಪುಸ್ತಕಕ್ಕೂ ಅದರ ಓದುಗರು ಎಂಬ ಎರಡು ಸೂತ್ರ ಅದರಲ್ಲಿವೆ. ಎಲ್ಲರಿಗೂ ಒಂದೇ ಪುಸ್ತಕ ಅಂತ ಅವರು ಎಲ್ಲೂ ಹೇಳಲಿಲ್ಲ. ಕಪಾಟಿಗೆ ಬೀಗ ಹಾಕಿ, ಚೀಟಿ ಬರೆದುಕೊಟ್ಟರೆ ಜವಾನರು ಒಳಗಿನಿಂದ ಪುಸ್ತಕ ತಂದುಕೊಡುವ ಪದ್ಧತಿ ಬೇಡ, ಕಪಾಟು ತೆರೆದಿರಲಿ, ಓದುಗರು ತಮ್ಮ ಕೈಯಿಂದಲೇ ತೆಗೆದು ನೋಡಲಿ ಎಂದು ಹಟ ಹಿಡಿದವರು ಅವರು. ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲೇ ಕಳೆದರು, 1972ರಲ್ಲಿ ಅಲ್ಲೇ ತೀರಿಕೊಂಡರು. ಅಂಥವರು ತೆರೆಸಿಕೊಟ್ಟ ಕಪಾಟಿನ ಮುಂದೆ ನಿಂತು ನೀವು ಫೋನಿನಲ್ಲಿ 'ಓದಲೇಬೇಕಾದ ಹತ್ತು ಪುಸ್ತಕ' ಅಂತ ಹುಡುಕುತ್ತಿದ್ದರೆ ನನಗೆ ಸಂಕಟವಾಗುತ್ತದೆ. ಫೋನು ಒಳಗಿಡಿ. ಪುಸ್ತಕ ತೆರೆಯಿರಿ.

ಸಮಯ ಸರಿಯುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಡ್ಯೂಯಿ ಪದ್ಧತಿಯಲ್ಲಿ, ಅಂದರೆ ಒಂದೊಂದು ವಿಷಯಕ್ಕೆ ಒಂದೊಂದು ಸಂಖ್ಯೆ ಕೊಟ್ಟು ಜೋಡಿಸಿದ ಗ್ರಂಥಾಲಯವಾದರೆ ಪುಸ್ತಕದ ಬೆನ್ನಿನ ಚೀಟಿಯಲ್ಲಿ ಒಂದು ಸಂಖ್ಯೆ ಇರುತ್ತದೆ. 894.814 ಅಂದರೆ ಕನ್ನಡ ಸಾಹಿತ್ಯ. ಎಲ್ಲರೂ ಅಲ್ಲಿಗೇ ಹೋಗಿ ಅಲ್ಲಿಂದಲೇ ಬರುತ್ತಾರೆ. 598ಕ್ಕೆ ಹೋಗಿ, ಹಕ್ಕಿಗಳಿವೆ. 630ರಲ್ಲಿ ಬೇಸಾಯ, 910ರಲ್ಲಿ ಪ್ರವಾಸ. ಕಥೆ ಓದಿದರೆ ಮಾತ್ರ ಓದು ಅಂತ ಯಾರು ಹೇಳಿದರು?

ಅರ್ಧ ಓದಿದ ಮೇಲೆ ಹಿಡಿಸದಿದ್ದರೆ ಬಿಡಿ. ಶುರು ಮಾಡಿದ್ದನ್ನು ಮುಗಿಸಲೇಬೇಕೆಂಬ ಹರಕೆ ಪುಸ್ತಕಕ್ಕಿಲ್ಲ. ಎಷ್ಟೋ ಜನರ ಓದು ನಿಂತುಹೋಗಿರುವುದು ದಿಂಬಿನ ಪಕ್ಕ ಕೂತಿರುವ ಒಂದೇ ಒಂದು ಮುಗಿಯದ ಪುಸ್ತಕದಿಂದ.

ಮಕ್ಕಳಿಗೂ ಇದೇ ಮಾತು. ಚಿತ್ರದ ಪುಸ್ತಕ ಹಿಡಿದ ಮಗುವಿನ ಕೈಯಿಂದ ಅದನ್ನು ಕಿತ್ತು ಜನರಲ್ ನಾಲೆಜ್ ಪುಸ್ತಕ ತುರುಕುವ ತಂದೆತಾಯಿಯರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಮಗು ನೆಲದ ಮೇಲೆ ಕೂತು ತಾನೇ ತೆರೆದು ನೋಡಲಿ. ಅದೇ ಪುಸ್ತಕವನ್ನು ಹತ್ತು ಸಲ ಕೇಳಿದರೆ ಹತ್ತು ಸಲವೂ ಕೊಡಿಸಿ.

ಇನ್ನು, ಗ್ರಂಥಾಲಯ ದೂರ, ಯಾರು ಹೋಗುತ್ತಾರೆ ಅನ್ನುವವರಿಗೆ ಒಂದು ಮಾತು. ನಮ್ಮ ರಾಜ್ಯದಲ್ಲಿ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ನೀವು ಕಟ್ಟುವ ಮನೆ ಕಂದಾಯದ ಜೊತೆ ಗ್ರಂಥಾಲಯ ಕರವೂ ಸೇರಿರುತ್ತದೆ, ನೂರು ರೂಪಾಯಿ ಕಂದಾಯಕ್ಕೆ ಆರು ರೂಪಾಯಿ. ಕಂದಾಯದ ರಸೀದಿ ತೆಗೆದು ನೋಡಿ. ಪುಸ್ತಕಕ್ಕೆ ದುಡ್ಡು ಆಗಲೇ ಕೊಟ್ಟಾಗಿದೆ, ಹೋಗಿ ತೆಗೆದುಕೊಳ್ಳುವುದೊಂದೇ ಬಾಕಿ. ನಿಮಗೆ ಬೇಕಾದ ಪುಸ್ತಕ ಅಲ್ಲಿ ಸಿಗದಿದ್ದರೆ ಸುಮ್ಮನೆ ವಾಪಸ್ಸು ಬರಬೇಡಿ. ಪುಸ್ತಕದ ಹೆಸರು, ಲೇಖಕರ ಹೆಸರು, ಪ್ರಕಾಶಕರ ಹೆಸರು ಬರೆದು ಗ್ರಂಥಪಾಲಕರ ಕೈಗೆ ಕೊಡಿ, ತರಿಸಿ ಅಂತ ಕೇಳಿ. ಯಾರೂ ಕೇಳುವುದಿಲ್ಲವಾದ್ದರಿಂದ ಕೇಳಿದವರ ಚೀಟಿ ನಮಗೆ ಬಹಳ ದಿನ ನೆನಪಿರುತ್ತದೆ. ನಮಸ್ಕಾರ.